ಅಪ್ಪನ ಅರ್ಧ ಭೇಷ್

ಜಯನಗರದ ಮೆಟ್ರೊ ಸ್ಟೇಷನ್ನಿನಲ್ಲಿ ಬ್ಯಾಗು ತಪಾಸಣೆ ಮಾಡುವ ಹುಡುಗಿಗೆ ನನ್ನ ಕಪ್ಪು ಪೆಟ್ಟಿಗೆಯ ಮೇಲೆ ಇವತ್ತಿಗೂ ನಂಬಿಕೆಯಿಲ್ಲ. ಮೊದಲ ಸಲ ಅದು ಮೆಷಿನ್ನಿನೊಳಗೆ ಹೋದಾಗ ಬೆಲ್ಟು ನಿಲ್ಲಿಸಿ, ನನ್ನನ್ನು ಪಕ್ಕಕ್ಕೆ ಕರೆದು, ಪೆಟ್ಟಿಗೆ ತೆರೆಸಿದಳು. ಒಳಗೆ ಮೂರು ತುಂಡು ಕರಿಮರದ ಕೊಳವೆ, ಅವುಗಳ ಮೈತುಂಬ ಬೆಳ್ಳಿ ಬಣ್ಣದ ಕೀಲಿಗಳು, ಒಂದು ರೀಲು ದಾರ, ಒಂದು ಚಾಕು.

"ಏನ್ ಮೇಡಂ ಇದು?"

"ವಾದ್ಯ ಕಣಮ್ಮ. ಓಬೋ ಅಂತ. ಊದೋದು."

"ಮತ್ತೆ ಈ ಚಾಕು?"

"ಅದೂ ಊದೋದಕ್ಕೇ."

ಹಾಗೆ ಹೇಳಬಾರದಿತ್ತು. ಆದರೆ ನನ್ನ ನಾಲಿಗೆ ಹುಟ್ಟಿನಿಂದಲೂ ನನ್ನ ಮಾತು ಕೇಳಿದ್ದಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹಂಗಾದ್ರೆ ಊದಿ ತೋರ್ಸಿ ನೋಡೋಣ" ಎಂದಳು. ಹಿಂದೆ ಕ್ಯೂನಲ್ಲಿದ್ದವರು ಗೊಣಗತೊಡಗಿದರು. ನನಗೂ ರೇಗಿತು. ಅಲ್ಲೇ ಮೂರು ತುಂಡು ಸೇರಿಸಿ, ಊದುವ ತುದಿಯ ಪುಟ್ಟ ರೀಡನ್ನು ಬಾಯಲ್ಲಿ ನೆನೆಸಿಕೊಂಡು, ಒಂದು ಉದ್ದನೆಯ ಸ್ವರ ಊದಿದೆ. ಗೊಣಗುತ್ತಿದ್ದವರು ಕತ್ತು ಚಾಚಿ ನೋಡಿದರು. ಆ ಹುಡುಗಿಯ ಮುಖ ಅರಳಿತು.

"ಅಯ್ಯೋ, ಮದುವೆ ಮನೆ ಓಲಗ ಇದ್ದಂಗೈತೆ! ಹೋಗಿ ಮೇಡಂ, ಹೋಗಿ ಹೋಗಿ."

ಓಲಗ! ಜೀವನವಿಡೀ ಈ ಮಾತು ಕೇಳಿಸಿಕೊಂಡವಳು ನಾನು. ಮೊದಲು ಹೇಳಿದವರು ನಮ್ಮಪ್ಪ.

ನಾನು ಓಬೋಗೆ ಬಿದ್ದದ್ದು ಆಸೆಪಟ್ಟೇನಲ್ಲ. ಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಬ್ಯಾಂಡ್ ಮೇಷ್ಟ್ರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಸಿದ್ದಾಪುರದ ಒಂದು ಸಂದಿಯಲ್ಲಿ ಮನೆ ಮಾಡಿಕೊಂಡಿದ್ದವರು. ಒಂದು ದಿನ ಮಂಚದ ಕೆಳಗಿನಿಂದ ಈ ವಾದ್ಯ ಎಳೆದು, ಧೂಳು ಒರೆಸಿ ನನ್ನ ಕೈಗೆ ಕೊಟ್ಟು, "ನೋಡಮ್ಮ, ಕ್ಲಾರಿನೆಟ್ ಊದೋರು ಬೇಕಾದಷ್ಟು ಜನ ಇದಾರೆ. ಇದನ್ನ ಊದೋರು ಈ ಊರಲ್ಲಿ ಯಾರೂ ಇಲ್ಲ. ಕಲಿತ್ಕೊಂಡ್ರೆ ನಿನ್ನ ಜಾಗ ಯಾರೂ ಕಿತ್ಕೊಳಲ್ಲ" ಎಂದರು. ಇದಕ್ಕಿಂತ ಒಳ್ಳೆಯ ಉದ್ಯೋಗ ಸಲಹೆಯನ್ನು ನನಗೆ ಯಾರೂ ಕೊಟ್ಟಿಲ್ಲ.

ಓಬೋದ ಬಾಯಿ ಎಂದರೆ ಬೆತ್ತದಂಥ ಒಂದು ಜೊಂಡಿನ ಎರಡು ತೆಳು ಸೀಳು, ದಾರದಿಂದ ಬಿಗಿದದ್ದು. ಇದೇ ರೀಡು. ಇದನ್ನು ನಾವೇ ಕೂತು ಕೆತ್ತಿಕೊಳ್ಳಬೇಕು, ಅದಕ್ಕೇ ಚಾಕು. ನಾಲ್ಕು ದಿನ ಚೆನ್ನಾಗಿ ನುಡಿದು, ಐದನೆಯ ದಿನ ಮುನಿಸಿಕೊಂಡು ಕೂರುತ್ತದೆ. ಮೊದಮೊದಲು ನನ್ನ ಸದ್ದು ಕೇಳಿ ಪಕ್ಕದ ಮನೆಯ ಆಂಟಿ ಅಮ್ಮನನ್ನು ಕಾಂಪೌಂಡಿನ ಹತ್ತಿರ ಕರೆದು, "ಬಾತುಕೋಳಿ ಸಾಕಿದೀರೇನ್ರೀ?" ಎಂದು ಕೇಳಿದ್ದರು. ಅಪ್ಪ ಬಾತುಕೋಳಿ ಎನ್ನಲಿಲ್ಲ. "ನಮ್ಮನೆ ಹುಡುಗಿ ಓಲಗ ಊದೋಕೆ ಹೊರಟಳಲ್ಲಪ್ಪ" ಎಂದು ಹಣೆ ಚಚ್ಚಿಕೊಂಡರು.

"ಓಲಗ ಇಲ್ದೆ ನಿಮ್ಮ ಮದುವೆ ಆಯ್ತಾ ಅಪ್ಪ?" ಎಂದೆ.

"ನೋಡಿದ್ಯಾ ಇವಳ ಬಾಯಿ!" ಎಂದು ಅಮ್ಮನ ಮೇಲೆ ಹರಿಹಾಯ್ದರು. ನನ್ನನ್ನು ಬೈಯಬೇಕಾದಾಗಲೆಲ್ಲ ಅವರು ಬೈಯುತ್ತಿದ್ದದ್ದು ಅಮ್ಮನನ್ನು.

ಅಪ್ಪ ಸರ್ಕಾರಿ ಇಂಜಿನಿಯರು, ಆದರೆ ಅದು ಹೊಟ್ಟೆಪಾಡು. ನಿಜವಾದ ಕಸುಬು ಕಛೇರಿ ಕೇಳುವುದು. ರಾಮನವಮಿ ಬಂತೆಂದರೆ ಜಯನಗರದ ಎಲ್ಲ ಚಪ್ಪರಗಳಲ್ಲೂ ಮುಂದಿನ ಸಾಲಿನಲ್ಲಿ ಅವರೇ. ತೊಡೆಯ ಮೇಲೆ ಪಟಪಟ ತಾಳ ಹಾಕುತ್ತ ಕೂರುವರು. ಅವರು ಬಾಯಿ ತೆರೆದು "ಭೇಷ್" ಎಂದರೆ ಹಾಡುತ್ತಿದ್ದವರೂ ಇತ್ತ ತಿರುಗಿ ತಲೆ ಬಾಗಿಸುತ್ತಿದ್ದರು. ಏಕೆಂದರೆ ಅಪ್ಪನ ಭೇಷ್ ಅಗ್ಗವಾಗಿ ಸಿಗುವಂಥದ್ದಲ್ಲ. ಒಂದು ಕಛೇರಿಗೆ ಒಂದು. ಬಹಳ ಕಛೇರಿಗಳಿಗೆ ಅದೂ ಇಲ್ಲ. ಚಿಕ್ಕಂದಿನಲ್ಲಿ ನನಗೂ ಅಣ್ಣನಿಗೂ ಅವರೇ ಸರಳೆ ಜಂಟಿ ಹೇಳಿಕೊಟ್ಟರು. ನಮಗಿಬ್ಬರಿಗೂ ಒಂದೇ ಒಂದು ಭೇಷ್ ದಕ್ಕಲಿಲ್ಲ.

ಹಾಗೆ ನೋಡಿದರೆ ನಾಗಸ್ವರದ ಕಛೇರಿಗೆ ಪ್ರಾಣ ಬಿಡುವ ಮನುಷ್ಯ, ಮಗಳು ಊದಿದರೆ ಮಾತ್ರ ಓಲಗ ಎಂದು ಮೂಗು ಮುರಿಯುವುದು ಯಾವ ನ್ಯಾಯ? ಈ ಜಗಳ ಮನೆಯಲ್ಲಿ ಸಾಕಷ್ಟು ಆಯಿತು. ಕೊನೆಗೆ ಅಪ್ಪನ ವಾದ ಇಷ್ಟಕ್ಕೆ ಬಂದು ನಿಂತಿತು: ಓಲಗ ಊದುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಯಾರೂ ಆಗಲಿಲ್ಲ ಎಂಬುದು ನಿಜ. ಆದರೆ ಅದಕ್ಕೆ ಓಬೋ ಕಾರಣವಲ್ಲ. ನೋಡಲು ಬಂದ ಮೂವರೂ ನನ್ನ ಓಬೋ ಕೇಳಿ ಓಡಿಹೋದವರಲ್ಲ, ನನ್ನ ಮಾತು ಕೇಳಿ ಓಡಿಹೋದವರು. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಅಪ್ಪನ ಮನೆಯ ಮೇಲಿನ ಮಹಡಿಯಲ್ಲಿ ರಾಣಿಯ ಹಾಗೆ ಇದ್ದೇನೆ.

ಮೇಷ್ಟ್ರು ಹೇಳಿದ ಮಾತು ಸುಳ್ಳಾಗಲಿಲ್ಲ. ಕಂಟೋನ್ಮೆಂಟ್ ಕಡೆ ಒಂದು ಆರ್ಕೆಸ್ಟ್ರಾ ಇತ್ತು. ಅವರಿಗೆ ಓಬೋದವರು ಬೇಕಿತ್ತು, ಊರಿಗೆಲ್ಲ ಇದ್ದವಳು ನಾನೊಬ್ಬಳೇ. ಹೋಗಿ ಕೂತೆ, ಇವತ್ತಿಗೂ ಕೂತಿದ್ದೇನೆ. ಅಲ್ಲಿ ಒಂದು ಪದ್ಧತಿಯುಂಟು. ಕಾರ್ಯಕ್ರಮ ಶುರುವಾಗುವ ಮುಂಚೆ ಓಬೋದವರು ಒಂದೇ ಒಂದು ಸ್ವರ ಊದುತ್ತಾರೆ. ಪಿಟೀಲು, ಕಹಳೆ ಎಲ್ಲರೂ ಆ ಸ್ವರಕ್ಕೆ ತಮ್ಮ ತಮ್ಮ ಶ್ರುತಿ ಹೊಂದಿಸಿಕೊಳ್ಳಬೇಕು. ಅಷ್ಟು ಜನ ನನ್ನ ಒಂದು ಸ್ವರಕ್ಕೆ ಕಿವಿಗೊಟ್ಟು ಕೂರುವ ಆ ಗಳಿಗೆಗೆ ಏನು ಕೊಟ್ಟರೂ ಕಡಿಮೆಯೇ. ಮನೆಯಲ್ಲಂತೂ ನನ್ನ ಮಾತಿಗೆ ಯಾರೂ ಶ್ರುತಿ ಸೇರಿಸಿದ್ದಿಲ್ಲ.

ನನಗೆ ಮೊದಲ ಸಲ ಒಂಟಿಯಾಗಿ ನುಡಿಸುವ ಭಾಗ ಸಿಕ್ಕಿದಾಗ ಅಪ್ಪ ಬಂದರು. ಬರುವುದಿಲ್ಲ ಎಂದು ವಾರವಿಡೀ ಹೇಳಿ, ಆ ಸಂಜೆ ಎಲ್ಲರಿಗಿಂತ ಮುಂಚೆ ಜರಿಪಂಚೆ ಉಟ್ಟು, ಶಲ್ಯ ಹೊದ್ದು ಗೇಟಿನ ಹತ್ತಿರ ನಿಂತಿದ್ದರು. ಅದು ದೊಡ್ಡ ಸಭಾಂಗಣ. ಜನ ಕೆಮ್ಮನ್ನೂ ನುಂಗಿಕೊಂಡು ಕೂರುವಂಥ ಜಾಗ. ನನ್ನ ಭಾಗ ಬಹಳ ನಿಧಾನದ್ದು. ಉಳಿದವರೆಲ್ಲ ಮೆಲ್ಲಗೆ ಹಿನ್ನೆಲೆ ಹಿಡಿದಿರುವಾಗ ಓಬೋ ಒಂದೇ ಏರುತ್ತ ಏರುತ್ತ ಹೋಗಿ, ಮೇಲೆ ಒಂದು ಸ್ವರದಲ್ಲಿ ನಿಲ್ಲಬೇಕು. ಏರಿದೆ. ನಿಂತೆ. ಆಗ ಕೇಳಿಸಿತು, ಕತ್ತಲೆಯಿಂದ, ನಾನು ಹುಟ್ಟಿನಿಂದ ಕೇಳಿದ ಆ ದನಿ:

"ಭೇ..."

ಅಷ್ಟೇ. ಉಳಿದರ್ಧ ಕೇಳಿಸಲಿಲ್ಲ. ಮುಂದಿನ ಸಾಲಿನಿಂದ ಒಬ್ಬರು, ಹಿಂದಿನ ಸಾಲಿನಿಂದ ಇಬ್ಬರು "ಶ್!" ಎಂದಿದ್ದರಂತೆ. ಅಪ್ಪ ತೊಡೆಯ ಮೇಲೆ ಹಾಕುತ್ತಿದ್ದ ತಾಳವೂ ಅವರಿಗೆ ತೊಂದರೆಯಾಗಿತ್ತಂತೆ. ಬಾಗಿಲಲ್ಲಿ ನಿಂತಿದ್ದ ಹುಡುಗ ಬಂದು ಬಗ್ಗಿ "ಸಾರ್, ಪ್ಲೀಸ್" ಎಂದನಂತೆ. ಅಪ್ಪ ಶಲ್ಯ ಕೊಡವಿಕೊಂಡು ಎದ್ದವರು ಆಚೆ ಹೋಗಿ ಆಟೊ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರು.

ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಶುರುವಾಯಿತು.

"ಚೆನ್ನಾಗಿದ್ದಾಗ ಚೆನ್ನಾಗಿದೆ ಅನ್ನೋಕೂ ಪರ್ಮಿಷನ್ ಬೇಕೇನೇ? ತಾಳ ಹಾಕೋ ಹಾಗಿಲ್ಲ, ತಲೆದೂಗೋ ಹಾಗಿಲ್ಲ, ಎದ್ದು ಒಂದು ಕಾಫಿಗೆ ಹೋಗೋ ಹಾಗಿಲ್ಲ. ಅದೇನು ಕಛೇರಿಯೋ, ಶೋಕಸಭೆಯೋ? ನಾನಿನ್ನು ಆ ಕಡೆ ತಲೆ ಹಾಕಲ್ಲ."

ತಲೆ ಹಾಕಲೂ ಇಲ್ಲ. ಎಷ್ಟು ಕಾರ್ಯಕ್ರಮಗಳಾದವು, ಎಷ್ಟು ಸಲ ಟಿಕೆಟ್ಟು ತಂದು ದೇವರ ಮನೆಯಲ್ಲಿ ಇಟ್ಟೆ. ಅಮ್ಮ ಬರುತ್ತಿದ್ದಳು, ಅಣ್ಣ ಬರುತ್ತಿದ್ದ, ಅಪ್ಪ ಇಲ್ಲ. ಕಡ್ಡಿ ಬೀಸಿ ಆರ್ಕೆಸ್ಟ್ರಾ ನಡೆಸುವ ಪರದೇಶದ ಕಂಡಕ್ಟರು ನನ್ನ ಕೈ ಕುಲುಕಿ ಹೊಗಳಿದ್ದಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಾರೆ. ಎಲ್ಲ ಸರಿ. ಆದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಬೇಕಿದ್ದದ್ದು ಆ ಉಳಿದರ್ಧ. ಒಂದು ಇಡೀ ಭೇಷ್, ಯಾರೂ ಬಾಯಿ ಮುಚ್ಚಿಸದ ಭೇಷ್, ಅಪ್ಪನ ಬಾಯಿಂದ. ಅವರಿಗೆ ಎಂಬತ್ತು ದಾಟಿದ ಮೇಲೆ ಅದು ಸಿಗದೇ ಹೋದೀತು ಎಂಬ ಭಯವೂ ಹತ್ತಿತು.

ನಡುವಿನ ವರ್ಷಗಳು ಸಖತ್ ಖುಷಿಯ ವರ್ಷಗಳು. ಸಿನಿಮಾ ಹಿನ್ನೆಲೆ ಸಂಗೀತಕ್ಕೆ ಕರೆಯುತ್ತಿದ್ದರು. ಓಬೋದ ದನಿ ಅಳುವಿಗೆ ಚೆನ್ನಾಗಿ ಹೊಂದುತ್ತದೆ, ಹಾಗಾಗಿ ನಾಯಕಿಯ ತಾಯಿ ಸತ್ತರೆ ನನಗೆ ಫೋನು. ಎಷ್ಟು ತಾಯಂದಿರನ್ನು ಕಳಿಸಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಆಮೇಲೆ ಕಂಪ್ಯೂಟರು ಬಂದು ಆ ಪುಣ್ಯದ ಕೆಲಸವನ್ನು ಕಿತ್ತುಕೊಂಡಿತು. ನಾನು ಮಹಡಿಯಲ್ಲಿ ಪಾಠ ಶುರುಮಾಡಿದೆ.

ಪಾಠಕ್ಕೆ ಬರುವವರು ಎಂಥೆಂಥವರು! ಬಿಟಿಎಂ ಲೇಔಟಿನಿಂದ ಒಬ್ಬಾಕೆ ಬರುತ್ತಾಳೆ, ಬ್ಯಾಂಕಿನಲ್ಲಿ ಕೆಲಸ, ಮಕ್ಕಳು ಕಾಲೇಜು ಸೇರಿದ ಮೇಲೆ ಕಲಿಯಲು ಹೊರಟವಳು. ಮೊದಲ ತಿಂಗಳಿಡೀ ಬರೀ ಗಾಳಿ. ಕೆನ್ನೆ ಉಬ್ಬಿಸಿ, ಕಣ್ಣು ಕೆಂಪು ಮಾಡಿಕೊಂಡು ಊದುವಳು. ಒಂದು ದಿನ ಇದ್ದಕ್ಕಿದ್ದ ಹಾಗೆ ದನಿ ಹೊರಟಿತು, ನಿಜವಾದ, ದುಂಡಗಿನ ದನಿ. ಓಬೋ ಕೆಳಗಿಟ್ಟು, "ಮೇಡಂ, ಬಂತು! ಬಂತು ಮೇಡಂ!" ಎಂದು ನನ್ನನ್ನು ತಬ್ಬಿಕೊಂಡಳು. ಅಮ್ಮ ಕೆಳಗಿನಿಂದ "ಯಾರೇ ಬಂದದ್ದು?" ಎಂದು ಕೂಗಿದಳು.

ಓಬೋದ ಒಂದು ತಮಾಷೆಯನ್ನು ನಾನು ಎಲ್ಲರಿಗೂ ಮೊದಲ ಪಾಠದಲ್ಲೇ ಹೇಳುತ್ತೇನೆ. ಕೊಳಲಿನವರಿಗೆ ಉಸಿರು ಸಾಲುವುದಿಲ್ಲ, ನಮಗೆ ಉಸಿರು ಮಿಗುತ್ತದೆ. ರೀಡಿನ ಕಿಂಡಿ ಅಷ್ಟು ಸಣ್ಣದು, ಗಾಳಿ ಖರ್ಚಾಗುವುದೇ ಇಲ್ಲ. ಹಾಗಾಗಿ ಒಂದೇ ಸ್ವರವನ್ನು ಬೇಕೆಂದಷ್ಟು ಹೊತ್ತು ಹಿಡಿಯಬಹುದು. ಎದೆಯೊಳಗೆ ಹಳೆಯ ಉಸಿರು ತುಂಬಿಕೊಂಡು, ಮುಖ ಟೊಮೇಟೊ ಆಗುತ್ತದೆ, ಅಷ್ಟೇ. ನಾನು ದಿನಾ ಬೆಳಗ್ಗೆ ಹಾಗೆ ಉದ್ದನೆಯ ಸ್ವರ ಹಿಡಿದು ಸಾಧನೆ ಮಾಡುವಾಗ ಅಮ್ಮ ಕೆಳಗಿನಿಂದ ತಡೆಯಲಾರದೆ, "ಸಾಕು ಕಣೇ, ಉಸಿರು ಬಿಡೇ!" ಎಂದು ಕೂಗುತ್ತಾಳೆ. ಸ್ವರವಾದ ಮೇಲೆ ನನ್ನ ಆ ಮೊದಲ ಒಂಟಿ ಭಾಗವನ್ನು ಒಮ್ಮೆ ನುಡಿಸಿಯೇ ಏಳುವುದು. ಅಪ್ಪನ ಕೋಣೆ ಇರುವುದು ಸರಿಯಾಗಿ ನನ್ನ ಸಾಧನೆಯ ಕೋಣೆಯ ಕೆಳಗೆ. ನಾನು ಶುರುಮಾಡಿದ ಕೂಡಲೇ ಅವರ ರೇಡಿಯೊ ಟಕ್ ಎಂದು ನಿಲ್ಲುತ್ತಿತ್ತು. ಇವಳ ಗಲಾಟೆಯಲ್ಲಿ ಏನು ಕೇಳಲಿ ಎಂಬ ಸಿಟ್ಟು ಎಂದುಕೊಂಡು ನಾನೂ ಹಟಕ್ಕೆ ಇನ್ನಷ್ಟು ಜೋರಾಗಿ ಊದುತ್ತಿದ್ದೆ.

ಹೀಗಿರುವಾಗ ಅಣ್ಣನ ಮಗಳ ಮದುವೆ ಬಂತು. ಅಣ್ಣನ ಮನೆ ಜೆಪಿ ನಗರದಲ್ಲಿ, ಮದುವೆ ನಮ್ಮ ಮನೆಯ ಹತ್ತಿರದ ಛತ್ರದಲ್ಲಿ. ಆ ಸಂಜೆ ನನಗೆ ಆರ್ಕೆಸ್ಟ್ರಾದ ತಾಲೀಮಿತ್ತು. ಓಬೋವನ್ನು ಬಿಸಿಲಿಗೆ ಕಾರಿನಲ್ಲಿ ಬಿಟ್ಟರೆ ಮರ ಬಿರುಕು ಬಿಡುತ್ತದೆ, ಹಾಗಾಗಿ ಪೆಟ್ಟಿಗೆಯನ್ನು ವಧುವಿನ ಕೋಣೆಯಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ.

ಬೆಳಗ್ಗೆಯಿಂದ ಓಲಗದವರ ಪತ್ತೆಯಿಲ್ಲ. ಅವರ ಟೆಂಪೊ ಕನಕಪುರ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಅಣ್ಣ ಫೋನು ಮಾಡಿದಾಗಲೆಲ್ಲ, "ಬಂದ್ಬಿಟ್ವಿ ಸಾರ್, ಬಂದ್ಬಿಟ್ವಿ" ಎಂಬ ಉತ್ತರ. ಈ ಊರಿನಲ್ಲಿ ಬಂದ್ಬಿಟ್ವಿ ಎಂದರೆ ಇನ್ನೂ ಹೊರಟಿಲ್ಲ ಎಂದೇ ತಿಳಿಯಬೇಕು. ಓಲಗವಿಲ್ಲದ ಛತ್ರ ಭಣಗುಟ್ಟುತ್ತಿತ್ತು. ಮುಹೂರ್ತ ಹತ್ತಿರವಾಯಿತು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಅಪಶಬ್ದ ಒಂದೂ ಕಿವಿಗೆ ಬೀಳದಂತೆ ವಾದ್ಯವೆಲ್ಲ ಒಟ್ಟಿಗೆ ಮೊಳಗಬೇಕು, ಅದು ಗಟ್ಟಿಮೇಳ. ಅದಿಲ್ಲದೆ ತಾಳಿ ಕಟ್ಟಿಸುವುದು ಹೇಗೆ ಎಂದು ಪುರೋಹಿತರು ಕೈಚೆಲ್ಲಿ ಕೂತರು.

"ಮೊಬೈಲಲ್ಲಿ ಹಾಕಿದ್ರೆ ಆಯ್ತು ಬಿಡಿ" ಎಂದು ಅಣ್ಣ ತನ್ನ ಫೋನನ್ನು ಛತ್ರದ ಸ್ಪೀಕರಿಗೆ ಸೇರಿಸಿ ಒತ್ತಿದ. ಇಡೀ ಸಭೆ ಕಿವಿ ನಿಮಿರಿಸಿತು. ಸ್ಪೀಕರಿನಿಂದ ಒಬ್ಬ ಹೆಂಗಸು ಬಲು ಕಕ್ಕುಲಾತಿಯಿಂದ, "ಊಟದ ನಂತರ ಹೊಟ್ಟೆ ಉಬ್ಬರವೇ?" ಎಂದು ಕೇಳಿದಳು.

ಮದುವೆ ಹೆಣ್ಣೇ ಬಿದ್ದು ಬಿದ್ದು ನಕ್ಕಳು. ನಗದಿದ್ದವರು ಅಪ್ಪ ಒಬ್ಬರೇ. ಮುಂದಿನ ಸಾಲಿನ ಕುರ್ಚಿಯಿಂದ ಕೋಲು ಊರಿಕೊಂಡು ಎದ್ದರು.

"ನಿಲ್ಸೋ ಅದನ್ನ! ನನ್ನ ಮೊಮ್ಮಗಳ ತಾಳಿಗೆ ಹೊಟ್ಟೆ ಉಬ್ಬರಾನಾ?" ಎಂದು ಅಣ್ಣನ ಮೇಲೆ ಗುಡುಗಿ, ನನ್ನ ಕಡೆ ತಿರುಗಿದರು. "ಏಯ್, ಎಲ್ಲೇ ನಿನ್ನ ಓಲಗ?"

"ಅದು ಓಲಗ ಅಲ್ಲಪ್ಪ."

"ಇವತ್ತು ಓಲಗಾನೇ. ತಗೊಂಡ್ ಬಾ, ಹೋಗು."

ಅಣ್ಣನ ಮಗಳು ಹಸೆಯ ಮೇಲಿನಿಂದಲೇ, "ಅತ್ತೆ, ಪ್ಲೀಸ್ ಅತ್ತೆ, ಬೇಗ!" ಎಂದಳು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಪೆಟ್ಟಿಗೆ ತಂದೆ, ಮೂರು ತುಂಡು ಜೋಡಿಸಿದೆ. ರೀಡು ಒಣಗಿ ಕೂತಿತ್ತು, ಬಾಯಲ್ಲಿ ನೆನೆಸಿದರೆ ಸಾಲದು, ನೀರೇ ಬೇಕು. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಬೆಳ್ಳಿಯ ಲೋಟಕ್ಕೆ ಅದ್ದಲು ಹೊರಟಿದ್ದೆ. ಅಮ್ಮ ಎಲ್ಲಿದ್ದಳೋ, ಹಾರಿ ಬಂದು ನನ್ನ ಕೈ ಹಿಡಿದಳು.

"ಅಯ್ಯೋ, ಅದು ಪುರೋಹಿತರ ಪಂಚಪಾತ್ರೆ ಕಣೇ! ಬಾಯಲ್ಲಿಡೋದನ್ನ ಅದರಲ್ಲಿ ಅದ್ದುತೀಯಾ? ಎಂಜಲು, ಎಂಜಲು!"

ಪುರೋಹಿತರು ಪಂಚಪಾತ್ರೆಯನ್ನು ಸರಕ್ಕನೆ ತೊಡೆಯ ಹಿಂದೆ ಅಡಗಿಸಿಕೊಂಡರು. ಅಮ್ಮ ಯಾರ ಕೈಯಿಂದಲೋ ಒಂದು ಪೇಪರ್ ಲೋಟದ ನೀರು ಕಿತ್ತು ತಂದಳು. ರೀಡು ನೆನೆಯಿತು.

ಅಂತರಪಟ ಹಿಡಿದು ಸರಿಸಿದರು, ತಾಳಿ ಕಟ್ಟುವ ಗಳಿಗೆ ಬಂತು. ಅಲ್ಲಿ ನನಗೇನೂ ಹೊಸತೆನಿಸಲಿಲ್ಲ. ಆರ್ಕೆಸ್ಟ್ರಾದಲ್ಲಿ ನನ್ನ ಸರದಿಗಾಗಿ ಕಂಡಕ್ಟರ ಕಡ್ಡಿ ನೋಡುತ್ತ ಉಸಿರು ಹಿಡಿದು ಕೂರುವವಳು, ಇಲ್ಲಿ ಪುರೋಹಿತರ ಬೆರಳು ನೋಡುತ್ತ ನಿಂತೆ. ಬೆರಳು ಮೇಲೆದ್ದಿತು. "ಗಟ್ಟಿಮೇಳ! ಗಟ್ಟಿಮೇಳ!"

ಅಭ್ಯಾಸಬಲ ನೋಡಿ, ನನ್ನ ಬಾಯಿಂದ ಮೊದಲು ಹೊರಟದ್ದು ಶ್ರುತಿ ಕೊಡುವ ಆ ಒಂದು ಸ್ವರವೇ. ಆಮೇಲೆ ಅಲ್ಲಿಂದ ಮೋಹನ ರಾಗದಲ್ಲಿ ಮೇಲಕ್ಕೂ ಕೆಳಕ್ಕೂ ಒಂದೇ ಸಮನೆ ಓಡಿದೆ. ಅಣ್ಣ ದೇವರ ಜಾಗಟೆ ಬಾರಿಸಿದ. ಅಡುಗೆಯವರು ಸೌಟು ತಟ್ಟೆ ಹಿಡಿದು ಓಡಿಬಂದು ಬಡಿದರು. ಜೀವಮಾನವಿಡೀ "ಮೆಲ್ಲಗೆ, ಇನ್ನೂ ಮೆಲ್ಲಗೆ" ಎಂದು ಕಂಡಕ್ಟರುಗಳಿಂದ ಹೇಳಿಸಿಕೊಂಡ ನನಗೆ ಪುರೋಹಿತರು "ಜೋರಾಗಿ ತಾಯಿ, ಇನ್ನೂ ಜೋರಾಗಿ!" ಎಂದು ಕೂಗಿದರು. ಊದಿದೆ ನೋಡಿ! ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು, ಜನ ಅತ್ತು ನಕ್ಕರು. ನಾನೂ ಅತ್ತೆ, ಓಬೋ ಬಾಯಲ್ಲಿಟ್ಟುಕೊಂಡೇ.

ಗದ್ದಲ ಇಳಿದ ಮೇಲೆ ಓಬೋ ಒರೆಸುತ್ತ ನಿಂತಿದ್ದೆ. ಓಲಗದವರು ಇನ್ನೂ ಬಂದುಬಿಟ್ಟೇ ಇದ್ದರು. ಅಪ್ಪ ಕುರ್ಚಿಯಿಂದ ಕೋಲಿನಲ್ಲಿ ನೆಲ ತಟ್ಟಿ ಕರೆದರು.

"ಯಾಕೆ ನಿಲ್ಲಿಸಿದೆ? ಆ ನಿಧಾನದ್ದು ಊದು."

"ಯಾವುದು?"

"ಅದೇ ಕಣೇ." ಅಪ್ಪ ಕಣ್ಣು ಮುಚ್ಚಿ, ನಡುಗುವ ದನಿಯಲ್ಲಿ, ತೊಡೆಯ ಮೇಲೆ ತಾಳ ಹಾಕುತ್ತ, ನನ್ನ ಆ ಮೊದಲ ಸಭಾಂಗಣದ ಒಂಟಿ ಭಾಗವನ್ನು ಶುರುವಿನಿಂದ ಹಾಡತೊಡಗಿದರು. ಸರಿಗಮ ಹಾಕಿ. ಒಂದು ಸ್ವರ ತಪ್ಪಲಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು, ಎಲ್ಲವೂ ನಾನು ಮಹಡಿಯ ಮೇಲೆ ದಿನಾ ಊದುವ ಹಾಗೆಯೇ.

ರೇಡಿಯೊ ಯಾಕೆ ಟಕ್ ಎಂದು ನಿಲ್ಲುತ್ತಿತ್ತು ಎಂದು ನನಗೆ ಆಗ ತಿಳಿಯಿತು.  ಹಟಕ್ಕೆ ಜೋರಾಗಿ ಊದುತ್ತಿದ್ದ ನನ್ನನ್ನೇ ಮನಸ್ಸಿನಲ್ಲಿ ನಾಲ್ಕು ಬೈದುಕೊಂಡು ಊದಲು ಶುರುಮಾಡಿದೆ.

ಅಪ್ಪ ತಾಳ ಹಾಕುತ್ತಲೇ ಇದ್ದರು. ಜನ ಊಟದ ಮನೆಗೆ ಹೋಗುತ್ತಿದ್ದವರು ಹೋಗುತ್ತಲೇ ಇದ್ದರು, ಕೆಲವರು ನಿಂತರು. ಏರುತ್ತ ಏರುತ್ತ ಬಂದೆ. ಮೇಲಿನ ಆ ಸ್ವರದಲ್ಲಿ ನಿಂತೆ. ಅಪ್ಪನ ಬಾಯಿ ತೆರೆಯಿತು. ಆಮೇಲೆ ಏನೋ ನೆನಪಾದವರಂತೆ ಮುಂದೆ ನೋಡಿದರು, ಹಿಂದೆ ತಿರುಗಿ ನೋಡಿದರು, ತುಟಿ ಬಿಗಿದುಕೊಂಡರು. ತೊಡೆಯ ಮೇಲಿನ ಕೈಯೂ ನಿಂತುಹೋಯಿತು.

ನನಗೆ ಎಲ್ಲಿಲ್ಲದ ಹಟ ಬಂತು. ಇಳಿಯಲಿಲ್ಲ. ಆ ಸ್ವರವನ್ನು ಹಿಡಿದೇ ನಿಂತೆ. ಅಪ್ಪ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಹಿಡಿದೇ ಇದ್ದೆ. ಊಟಕ್ಕೆ ಹೊರಟವರೂ ನಿಂತು ನೋಡತೊಡಗಿದರು. ನನ್ನ ಮುಖ ಬಿಸಿಯಾಯಿತು, ಕಿವಿ ಗುಂಯ್ ಎಂದಿತು. ಹಿಡಿದೇ ಇದ್ದೆ. ಅಪ್ಪನಿಗೆ ಅರ್ಥವಾಯಿತು, ಗಲ್ಲ ಅದುರತೊಡಗಿತು, ಆದರೂ ಆ ಮೊಂಡು ಬಾಯಿ ತೆರೆಯಲೊಲ್ಲದು. ಕೊನೆಗೆ ಅಮ್ಮ ತಡೆಯಲಾರದೆ ಅಪ್ಪನ ಭುಜಕ್ಕೆ ಗುದ್ದಿದಳು.

"ಏನ್ರೀ, ಅಂದ್ಬಿಡ್ರೀ! ಹುಡುಗಿ ಉಸಿರು ಕಟ್ಟಿ ಸಾಯುತ್ತೆ!"

"ಭೇಷ್!" ಎಂದರು ಅಪ್ಪ. ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದವರು ಬಗ್ಗಿ ನೋಡುವಷ್ಟು ಜೋರಾಗಿ. ಯಾರೂ ಶ್ ಎನ್ನಲಿಲ್ಲ. ಅಪ್ಪ ಇನ್ನೊಂದು ಸಲ, ಈ ಸಲ ಮೆಲ್ಲಗೆ, ಅಷ್ಟೂ ಅಕ್ಷರ ಎಳೆದು, "ಭೇಷ್ ಕಣೇ" ಎಂದರು.

ನಾನು ಉಸಿರು ಬಿಟ್ಟು ಆ ಸ್ವರದಿಂದ ಕೆಳಗಿಳಿದೆ.